ಮರ ಜಾಸ್ತಿಯಾಗಿ ಹಕ್ಕಿ ಕಮ್ಮಿಯಾದ ನೀಲಗಿರಿ

ನಮ್ಮ ಗುಂಡ್ಲುಪೇಟೆ ಕಡೆ ನೀಲಗಿರಿ ಅಂದ್ರೆ ಎರಡು. ಒಂದು ಊಟಿ ಇರೋ ಬೆಟ್ಟ, ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ ನಿಂತ್ರೆ ದಕ್ಷಿಣಕ್ಕೆ ಗೋಡೆ ಕಟ್ಟಿದ ಹಾಗೆ ಕಾಣುತ್ತಲ್ಲ, ಅದು. ಇನ್ನೊಂದು ಹೊಲದ ಬದುವಿನಲ್ಲಿ ನೆಟ್ಟಗೆ ನಿಂತಿರೋ, ಬೋರ್‌ವೆಲ್ ಒಣಗಿದಾಗೆಲ್ಲ ಬೈಸ್ಕೊಳ್ಳೋ ಮರ. ಆಸ್ಟ್ರೇಲಿಯಾದ ಯೂಕಲಿಪ್ಟಸ್‌ಗೆ ನಾವು ಕನ್ನಡದಲ್ಲಿ ಆ ಬೆಟ್ಟದ ಹೆಸರನ್ನೇ ಇಟ್ಬಿಟ್ಟಿದೀವಿ. ಆದ್ರೆ ಅದು ಆ ಬೆಟ್ಟದಲ್ಲಿ ಹುಟ್ಟಿದ ಮರ ಅಲ್ವೇ ಅಲ್ಲ, ಅಲ್ಲಿಗೂ ಹೊರಗಿಂದ ತಂದು ನೆಟ್ಟಿದ್ದೇ, ನೆಟ್ಟ ಮೇಲೆ ಬೆಟ್ಟದ ಹುಲ್ಲನ್ನ ನುಂಗಿದ್ದು. ಅದರ ಜೊತೆಜೊತೆಗೇ ಆಸ್ಟ್ರೇಲಿಯಾದಿಂದ ಬಂದ ವ್ಯಾಟಲ್ ಅನ್ನೋ ಇನ್ನೊಂದು ಮರ ಇನ್ನೂ ಜಾಸ್ತಿ ನುಂಗ್ತು, ಈಗ್ಲೂ ನುಂಗ್ತಾನೇ ಇದೆ. ಊಟಿಗೆ ಹೋಗಿ ಬಂದವರು "ಎಷ್ಟು ಹಸಿರು ಕಣ್ರೀ, ಎಲ್ಲಿ ನೋಡಿದ್ರೂ ಕಾಡು" ಅಂತಾರೆ. ಹಕ್ಕಿ ನೋಡೋಕೆ ಅಂತ ಆ ಬೆಟ್ಟ ಹತ್ತೋಕೆ ಶುರು ಮಾಡಿದ ಮೇಲೆ ನನಗೆ ಗೊತ್ತಾಗಿದ್ದು ಏನಂದ್ರೆ, ಆ ಹಸಿರಲ್ಲಿ ಬಹಳಷ್ಟು ಅಲ್ಲಿಯ ಹಕ್ಕಿಗಳ ಪಾಲಿಗೆ ಇದ್ದೂ ಇಲ್ಲದ ಹಾಗೆ.

ಮೊದಲು ಜಿಲ್ಲೆ ಹೇಗಿದೆ ಅಂತ ನೋಡಿ. ಬಂಡೀಪುರ ದಾಟಿ ತೆಪ್ಪಕಾಡಿನಲ್ಲಿ ಮೋಯಾರ್ ಹೊಳೆ ದಾಟಿದ್ರೆ ಮಸಿನಗುಡಿ, ಅಲ್ಲೆಲ್ಲ ಒಣಕಾಡು, ಮುಳ್ಳುಪೊದೆ, ನವಿಲು, ಗೌಜಲಕ್ಕಿ, ಮೇಲೆ ಆಕಾಶದಲ್ಲಿ ಅದೃಷ್ಟ ಇದ್ರೆ ರಣಹದ್ದು. ಅಲ್ಲಿಂದ ಕಲ್ಲಟ್ಟಿ ಘಾಟಿಯ 36 ಹೇರ್‌ಪಿನ್ ತಿರುವು ಹತ್ತಿದ್ರೆ ಗಾಳಿ ತಣ್ಣಗಾಗುತ್ತೆ, ಕಿವಿ ಗುಂಯ್ ಅನ್ನುತ್ತೆ, ಒಂದು ಗಂಟೆ ಒಳಗೆ 2,200 ಮೀಟರ್ ಎತ್ತರದ ಊಟಿಯಲ್ಲಿ ಇರ್ತೀವಿ. ಅಲ್ಲಿಂದ ಆಚೆ ದೊಡ್ಡಬೆಟ್ಟ, 2,637 ಮೀಟರ್. ಪಶ್ಚಿಮಕ್ಕೆ ಗೂಡಲೂರು ಕಡೆ ಇಳಿದ್ರೆ ಮತ್ತೆ ಬೇರೆ ಲೋಕ, ಜಡಿಮಳೆಯ ಕಾಡು, ಮಂಗಟ್ಟೆ ಹಕ್ಕಿ ರೆಕ್ಕೆ ಬಡಿಯೋ ಸದ್ದು ರೈಲಿನ ಹಾಗೆ ಕೇಳುತ್ತೆ. ಒಂದೇ ಜಿಲ್ಲೆ, ಆದ್ರೆ ಹೊಳೆ ದಂಡೆಯಲ್ಲಿರೋ ಹಕ್ಕಿಗೂ ದೊಡ್ಡಬೆಟ್ಟದಲ್ಲಿರೋ ಹಕ್ಕಿಗೂ ಪರಿಚಯವೇ ಇಲ್ಲ. ಎತ್ತರ ಬದಲಾದ ಹಾಗೆ ಮಳೆ, ಚಳಿ, ಗಿಡ, ಹುಳ ಎಲ್ಲಾ ಬದಲಾಗುತ್ತೆ, ಹಕ್ಕಿನೂ ಬದಲಾಗುತ್ತೆ. ಹಾಗಾಗಿ 'ನೀಲಗಿರಿಯಲ್ಲಿ ಇಷ್ಟು ಜಾತಿ ಹಕ್ಕಿ ಇದೆ' ಅಂತ ಒಂದು ನಂಬರ್ ಹೇಳಿದ್ರೆ ಏನೂ ತಿಳಿಯಲ್ಲ. ಆ ನಂಬರಲ್ಲಿ ಕಾಗೆ, ಮೈನಾ, ಪಿಕಳಾರ ಎಲ್ಲಾ ಸೇರಿರ್ತವೆ. ಬೇರೆಲ್ಲೂ ಸಿಗದೆ ಅಲ್ಲಿ ಮಾತ್ರ ಇರೋದು ಯಾವುದು, ಅದು ಯಾವ ಜಾಗ ಬಿಟ್ಟು ಕದಲಲ್ಲ, ಅದನ್ನ ಕೇಳಬೇಕು.

ಮೇಲಿನ ಬೆಟ್ಟದ ಕಥೆ ಪೂರ್ತಿ ಎರಡು ಜಾಗದ ಮೇಲೆ ನಿಂತಿದೆ. ಒಂದು ಶೋಲಾ, ಅಂದ್ರೆ ಎರಡು ದಿಣ್ಣೆ ನಡುವಿನ ಕಣಿವೆಯಲ್ಲಿ ಒತ್ತೊತ್ತಾಗಿ ಬೆಳೆದ ಗಿಡ್ಡ ಕಾಡು. ಮರದ ಮೈಯೆಲ್ಲ ಪಾಚಿ, ಕೆಳಗೆ ಸಣ್ಣ ತೊರೆ, ಮಟಮಟ ಮಧ್ಯಾಹ್ನವೂ ಒಳಗೆ ಮಬ್ಬು. ಇನ್ನೊಂದು ಹುಲ್ಲುಗಾವಲು, ದಿಣ್ಣೆಗಳ ಮೈ ತುಂಬಾ ಹುಲ್ಲು ಮಾತ್ರ. ಶೋಲಾ ಎಲ್ಲಿ ಮುಗಿಯುತ್ತೋ ಅಲ್ಲಿಂದ ಹುಲ್ಲು, ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಗೆರೆ. ಯಾಕೆ ಹೀಗೆ ಅಂದ್ರೆ ಡಿಸೆಂಬರ್-ಜನವರಿಯಲ್ಲಿ ರಾತ್ರಿ ಅಲ್ಲಿ ಇಬ್ಬನಿ ಗಡ್ಡೆ ಕಟ್ಟುತ್ತೆ, ಬೆಳಿಗ್ಗೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗಿರುತ್ತೆ. ಶೋಲಾ ಮರದ ಸಸಿ ಬಯಲಲ್ಲಿ ಬಿದ್ದು ಮೊಳೆತ್ರೆ ಆ ಹಿಮಕ್ಕೆ ಸುಟ್ಟು ಹೋಗುತ್ತೆ, ಹುಲ್ಲು ಮಾತ್ರ ಬುಡದಿಂದ ಮತ್ತೆ ಚಿಗುರುತ್ತೆ. ಬೆಂಕಿ, ಮೇವು, ಮಣ್ಣಿನ ಆಳ ಇವೂ ಸೇರ್ಕೊಂಡು ಆ ಗೆರೆಯನ್ನ ಕಾಪಾಡ್ತಾ ಬಂದಿವೆ.

ತುಂಬಾ ಜನ ಇಲ್ಲೇ ಎಡವೋದು. ಹುಲ್ಲು ಕಂಡ ತಕ್ಷಣ 'ಇಲ್ಲಿ ಮೊದಲು ಕಾಡಿತ್ತು, ಯಾರೋ ಕಡಿದು ಹಾಕಿದಾರೆ' ಅಂದ್ಕೊಳ್ತಾರೆ, ಬ್ರಿಟಿಷ್ ಫಾರೆಸ್ಟ್ ಆಫೀಸರ್‌ಗಳ ಲೆಕ್ಕದಲ್ಲೂ ಹುಲ್ಲು ಅಂದ್ರೆ ಖಾಲಿ ಜಾಗವೇ. ಆದ್ರೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತವರ ಜೊತೆಗಾರರು ನೀಲಗಿರಿಯ ಜವುಗಿನಲ್ಲಿ ಪದರ ಪದರವಾಗಿ ಕೂತಿರೋ ಕೊಳೆತ ಸಸ್ಯದ ಮಣ್ಣನ್ನ ತೆಗೆದು, ಅದರೊಳಗಿನ ಇಂಗಾಲದ ಐಸೋಟೋಪ್ (ಕೊಳೆತಿದ್ದು ಹುಲ್ಲೋ ಮರವೋ ಅಂತ ಹೇಳೋ ಗುರುತು) ಅಳೆದು, 1993ರಲ್ಲೇ ತೋರಿಸಿದ್ರು. ಅಲ್ಲಿ 20,000 ವರ್ಷದ ಹಿಂದೇನೇ ಹುಲ್ಲಿತ್ತು, ಹವಾಮಾನ ಒಣಗಿದಾಗ ಹುಲ್ಲು ಹಿಗ್ಗಿದೆ, ಮಳೆ ಹೆಚ್ಚಾದಾಗ ಕಾಡು ಹಿಗ್ಗಿದೆ, ಹೀಗೆ ಹಿಂದೆ ಮುಂದೆ ಆಗ್ತಾ ಬಂದಿದೆ. ಬೆಟ್ಟದಲ್ಲಿ ಯಾರೂ ಕೊಡಲಿ ಎತ್ತೋಕೆ ಮುಂಚೆಯೇ ಇದ್ದ ಹುಲ್ಲು ಅದು. ಹುಲ್ಲು ಹಾಳಾದ ಕಾಡಲ್ಲ, ಅದು ತಾನೇ ಒಂದು ನೆಲೆ. ಈ ಒಂದು ಮಾತು ತಲೆಗೆ ಹೋಗದೆ ನೀಲಗಿರಿ ಹಕ್ಕಿಗಳ ಕಷ್ಟ ಅರ್ಥ ಆಗಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಈಗ ಹಕ್ಕಿಗೆ ಬರೋಣ. ಈ ಎತ್ತರದ ಬೆಟ್ಟಗಳು ಸಮುದ್ರದಲ್ಲಿ ದ್ವೀಪ ಇದ್ದ ಹಾಗೆ, ಸುತ್ತಲೂ ಬಿಸಿ ಬಯಲು, ಮೇಲೆ ಮಾತ್ರ ತಂಪು. ತಂಪಲ್ಲಿ ಹುಟ್ಟಿದ ಪುಟ್ಟ ಹಕ್ಕಿ ಬಿಸಿ ಬಯಲು ದಾಟಿ ಆಚೆ ಬೆಟ್ಟಕ್ಕೆ ಹೋಗಲ್ಲ. ನೀಲಗಿರಿಗೆ ದಕ್ಷಿಣದಲ್ಲಿ ಪಾಲಕ್ಕಾಡ್ ಕಣಿವೆ, ಸುಮಾರು 30-40 ಕಿಲೋಮೀಟರ್ ಅಗಲದ ಬಾಗಿಲು. ಅದರ ಈಚೆಯ ಹಕ್ಕಿ, ಆಚೆಯ ಹಕ್ಕಿ ಲಕ್ಷಾಂತರ ವರ್ಷದಿಂದ ಒಂದನ್ನೊಂದು ನೋಡೇ ಇಲ್ಲ, ಹಾಗಾಗಿ ಬೇರೆ ಬೇರೆ ಜಾತಿಯೇ ಆಗ್ಬಿಟ್ಟಿವೆ. ಹಕ್ಕಿ ವಿಜ್ಞಾನಿ ವಿ.ವಿ. ರಾಬಿನ್ ಮತ್ತು ಜೊತೆಗಾರರು ಇವುಗಳ ಡಿಎನ್‌ಎ, ಹಾಡು, ಮೈಬಣ್ಣ ಎಲ್ಲಾ ನೋಡಿ 2017ರಲ್ಲಿ ಹೇಳಿದ್ರು, ಇವು ಹಿಮಾಲಯದ ಹಕ್ಕಿಗಳ ಹತ್ತಿರದ ನೆಂಟರೇನಲ್ಲ, ಇಲ್ಲೇ ಕವಲೊಡೆದ ವಂಶ, ಹೊಸ ಕುಲದ ಹೆಸರೇ ಬೇಕು ಅಂತ. ಶೋಲಾದಲ್ಲಿರೋ ಕಿಳಿ, ಅಂದ್ರೆ ಹಕ್ಕಿ, ಅದನ್ನೇ ಸೇರಿಸಿ ಶೋಲಾಕಿಳಿ ಅಂತ ಹೆಸರಾಯ್ತು. ಇನ್ನೊಂದು ವಂಶ ನಗೆಮಲ್ಲಗಳದ್ದು. ನೀಲಗಿರಿಯಲ್ಲಿ ಒಂದು ನಗೆಮಲ್ಲ, ವಯನಾಡಿನ ಬಾಣಾಸುರ ಬೆಟ್ಟ ಮತ್ತು ನಮ್ಮ ಕೊಡಗಿನ ಬ್ರಹ್ಮಗಿರಿ ಕಡೆ ಇನ್ನೊಂದು. ನೋಡೋಕೆ ಅಣ್ಣ ತಮ್ಮ, ಆದ್ರೆ ಬೇರೆ ಮನೆ.

ಶೋಲಾಕಿಳಿಯನ್ನ ನೋಡೋದು ಅಂದ್ರೆ ಸುಮ್ಮನೆ ಕೂರೋದು. ಬೆಳಿಗ್ಗೆ ಆರೂವರೆಗೆ ತೊರೆ ಪಕ್ಕ, ಕೈ ಜೇಬಲ್ಲಿಟ್ಕೊಂಡು, ಉಸಿರು ಹೊಗೆ ಹೊಗೆಯಾಗಿ ಬರ್ತಿರುತ್ತೆ. ಮೊದಲು ಸೀಟಿ ಕೇಳುತ್ತೆ, ಸಣ್ಣಗೆ, ಯಾರೋ ಹುಡುಗ ದೂರದಲ್ಲಿ ಶಿಳ್ಳೆ ಹೊಡೆದು ಮರೆತು ಮತ್ತೆ ಹೊಡೆದ ಹಾಗೆ. ಆಮೇಲೆ ತರಗೆಲೆ ಮೇಲೆ ಉದ್ದ ಕಾಲಿನ ನೀಲಿ ಹಕ್ಕಿ ಕುಪ್ಪಳಿಸಿ ಬರುತ್ತೆ, ಪಕ್ಕೆಯಲ್ಲಿ ಇಟ್ಟಿಗೆ ಬಣ್ಣ. ಒಂದು ಎಲೆ ಎತ್ತಿ ಮಗುಚುತ್ತೆ, ಹುಳ ಹಿಡಿಯುತ್ತೆ, ಮತ್ತೆ ಕತ್ತಲಿಗೆ ಹೋಗುತ್ತೆ. ಅಷ್ಟೇ. ಅದಕ್ಕೆ ಬೇಕಾಗಿರೋದು ಆ ಮಬ್ಬು, ಆ ತೇವ, ಆ ಕೊಳೆತ ಎಲೆ, ಗೂಡಿಗೆ ಮರದ ಪೊಟರೆ ಅಥವಾ ತೊರೆ ದಂಡೆಯ ತೂತು. ಟೀ ತೋಟದಲ್ಲಿ ಇವ್ಯಾವುದೂ ಇಲ್ಲ.

ಹುಲ್ಲಿನ ಹಕ್ಕಿ ಬೇರೆ. ನೀಲಗಿರಿ ಪಿಪಿಟ್, ಗುಬ್ಬಿಗಿಂತ ಸ್ವಲ್ಪ ಉದ್ದ, ಮೈಯೆಲ್ಲ ಕಂದು ಗೆರೆ, ಫೋಟೋ ಹಾಕಿದ್ರೆ ಲೈಕ್ ಬೀಳದ ಹಕ್ಕಿ. ಆದ್ರೆ ನನ್ನ ಮಟ್ಟಿಗೆ ಇಡೀ ಜಿಲ್ಲೆಯ ಗತಿಯನ್ನ ಹೇಳೋದು ಇದೇ ಹಕ್ಕಿ. ನೀಲಗಿರಿ, ಆನೈಮಲೈ, ಪಳನಿ ಈ ಎತ್ತರದ ಹುಲ್ಲುಗಾವಲು ಬಿಟ್ರೆ ಪ್ರಪಂಚದಲ್ಲಿ ಎಲ್ಲೂ ಇಲ್ಲ. ಹುಲ್ಲು ಬುಡದಲ್ಲಿ ನಡೆದಾಡುತ್ತೆ, ಹುಲ್ಲಲ್ಲೇ ಗೂಡು ಕಟ್ಟುತ್ತೆ, ನಾವು ಕಾಲಿಟ್ಟಾಗ ಪುರ್ ಅಂತ ಎದ್ದು ಹತ್ತಿರದ ಪೊದೆ ಮೇಲೆ ಕೂತು ನಾವು ಹೋಗೋ ತನಕ ಕಾಯುತ್ತೆ. ಹುಲ್ಲು ಹೋದ್ರೆ ಅದು ಶೋಲಾ ಒಳಗೆ ಹೋಗಿ ಬದುಕಲ್ಲ, ಹೂಕೋಸು, ಕ್ಯಾರೆಟ್ ತೋಟದಲ್ಲೂ ಬದುಕಲ್ಲ.

ಹುಲ್ಲು ಹೇಗೆ ಹೋಯ್ತು? 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಬೆಟ್ಟ ಹತ್ತಿದಾಗ ಅಲ್ಲಿದ್ದಿದ್ದು ತೋಡರ ಎಮ್ಮೆ ಮಂದೆ, ಕೋಟರು, ಕುರುಂಬರು, ಮೈಸೂರು ಸೀಮೆಯಿಂದ ಹೋದ ಬಡಗರ ಹಟ್ಟಿಗಳು. ಬಡಗ ಅಂದ್ರೇನೇ ಉತ್ತರದವರು, ಅವರ ಮಾತು ನಮ್ಮ ಕಿವಿಗೆ ಅರ್ಧ ಹತ್ತಿರ, ದೊಡ್ಡಬೆಟ್ಟ ಅನ್ನೋ ಹೆಸರಿಗೆ ನಮಗ್ಯಾರೂ ಅರ್ಥ ಹೇಳಬೇಕಾಗಿಲ್ಲ. ತೋಡರ ಎಮ್ಮೆಗೂ ದೇವಸ್ಥಾನದ ಹೊದಿಕೆಗೂ ಬೇಕಾಗಿದ್ದು ಇದೇ ಹುಲ್ಲು. ಬ್ರಿಟಿಷರು ಬಂದ ಮೇಲೆ ಸೌದೆ ಬೇಕಾಯ್ತು, ಶೋಲಾ ಕಡಿದ್ರು, ಸಾಲದಾದಾಗ 1840ರ ದಶಕದಲ್ಲಿ ಆಸ್ಟ್ರೇಲಿಯಾದ ಬೇಗ ಬೆಳೆಯೋ ಮರ ತಂದ್ರು. ಆಮೇಲೆ ಟೀ ಬಂತು. ಸ್ವಾತಂತ್ರ್ಯ ಬಂದ ಮೇಲೆ ಕಮ್ಮಿಯಾಗೋದಿರಲಿ, ಜಾಸ್ತಿಯಾಯ್ತು. ಚರ್ಮ ಹದ ಮಾಡೋ ಟ್ಯಾನಿನ್‌ಗೆ ವ್ಯಾಟಲ್ ತೊಗಟೆ, ರೇಯಾನ್ ಮಿಲ್ಲಿನ ತಿರುಳಿಗೆ ನೀಲಗಿರಿ ಮರ, ಹೀಗೆ ಸರ್ಕಾರವೇ ದಿಣ್ಣೆ ದಿಣ್ಣೆಗೆ ಪ್ಲಾಂಟೇಶನ್ ಹಾಕ್ತು. ಅಪ್ಪರ್ ಭವಾನಿ, ಎಮರಾಲ್ಡ್, ಒಂದಾದ ಮೇಲೊಂದು ಡ್ಯಾಮ್, ಕಣಿವೆ ತಳದ ಜವುಗು ಹುಲ್ಲು ನೀರೊಳಗೆ ಹೋಯ್ತು, ಪಿಪಿಟ್‌ಗೆ ತುಂಬಾ ಇಷ್ಟವಾದ ಜಾಗ ಆ ಜವುಗೇ.

ನೆಡೋದು ನಿಂತ ಮೇಲಾದ್ರೂ ನಿಲ್ಲಬೇಕಿತ್ತು ಅಲ್ವಾ, ನಿಲ್ಲಲಿಲ್ಲ. ವ್ಯಾಟಲ್, ಊಟಿ ಕಡೆ ತಮಿಳಲ್ಲಿ ಸೀಗೈ ಅಂತಾರೆ, ಅದನ್ನ ಯಾರೂ ನೆಡಬೇಕಿಲ್ಲ. ಬೇರಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕ ಹಿಡಿಯುತ್ತೆ, ಬಡ ಮಣ್ಣಲ್ಲೂ ಹಿಗ್ಗುತ್ತೆ, ಬೀಜ ರಾಶಿ ರಾಶಿ ಉದುರಿಸುತ್ತೆ, ಶೋಲಾ ಸಸಿಯನ್ನ ಕೊಲ್ಲೋ ಬಯಲು ಹಿಮವನ್ನೂ ತಾಳ್ಕೊಂಡು ಮೇಲೆ ಬರುತ್ತೆ. ಸ್ಯಾಟಲೈಟ್ ಚಿತ್ರ ಹೋಲಿಸಿ ನೋಡಿದ ಅಧ್ಯಯನ ಒಂದು 2019ರಲ್ಲಿ ಬಂತು, ಪಶ್ಚಿಮಘಟ್ಟದ ಎತ್ತರದ ಹುಲ್ಲುಗಾವಲಿನಲ್ಲಿ ಹತ್ತಿರ ಹತ್ತಿರ 23 ಪರ್ಸೆಂಟ್ 44 ವರ್ಷದಲ್ಲಿ ಹೊರಗಿನ ಮರಗಳ ಪಾಲಾಗಿದೆ ಅಂತ. ಅದೇ ಅವಧಿಯಲ್ಲಿ ಶೋಲಾ ಕಾಡು ಹೆಚ್ಚುಕಮ್ಮಿ ಹಾಗೇ ಉಳ್ಕೊಂಡಿದೆ. ಇದನ್ನ ಸ್ವಲ್ಪ ನಿಂತು ಯೋಚನೆ ಮಾಡಬೇಕು. ಶೋಲಾ 'ಕಾಡು' ಅನ್ನೋ ಕಾರಣಕ್ಕೆ ಕೊಡಲಿಯಿಂದ ಬಚಾವಾಯ್ತು. ಹುಲ್ಲು ಕಾಡಲ್ಲ ಅನ್ನೋ ಕಾರಣಕ್ಕೆ, ನಮ್ಮ ಕಣ್ಣೆದುರೇ, ಯಾರೂ ಕೇಸ್ ಹಾಕದೆ, ಮರದ ಕೆಳಗೆ ಮುಚ್ಚಿಹೋಯ್ತು. 2020ರಲ್ಲಿ ದೇಶದ ಹಕ್ಕಿಗಳ ಸ್ಥಿತಿ ಬಗ್ಗೆ ಬಂದ ವರದಿಯಲ್ಲಿ ಪಶ್ಚಿಮಘಟ್ಟಕ್ಕೆ ಸೀಮಿತವಾದ ಹಕ್ಕಿಗಳ ಸೂಚ್ಯಂಕ 2000ದಿಂದ ಈಚೆಗೆ ಸುಮಾರು ಮುಕ್ಕಾಲು ಪಾಲು ಇಳಿದಿದೆ ಅಂತಿತ್ತು, ಜೋರಾಗಿ ಇಳಿದವುಗಳ ಪೈಕಿ ನೀಲಗಿರಿ ಪಿಪಿಟ್ ಒಂದು.

ಎಲ್ಲಾ ಹಕ್ಕಿಗೂ ಒಂದೇ ಥರ ಪೆಟ್ಟು ಬಿದ್ದಿಲ್ಲ. ಕೆಮ್ಮೀಸೆ ಪಿಕಳಾರಕ್ಕೆ ಊಟಿ ಅಂದ್ರೆ ಹಬ್ಬ, ಬೇಲಿ, ತೋಟ, ಮಾರ್ಕೆಟ್ ಎಲ್ಲಾ ಕಡೆ ಅದರದ್ದೇ ಗಲಾಟೆ. ನೀಲಗಿರಿ ನಗೆಮಲ್ಲ ಕೂಡ ಹಳೆ ಬಂಗಲೆಗಳ ಕಾಂಪೌಂಡಿನಲ್ಲಿ, ಪೊದೆ ಇರೋ ಕಡೆ, ಹಣ್ಣು ಸಿಕ್ಕಿದ್ರೆ ಒಗ್ಗಿಕೊಂಡಿದೆ, ಸಂಜೆ ಹೊತ್ತು ಅದರ ಗುಂಪು ಕಿಕಿಕಿಕಿ ಅಂತ ನಗೋದು ಹೋಮ್‌ಸ್ಟೇ ಜಗಲಿಗೂ ಕೇಳುತ್ತೆ. ಇದನ್ನ ನೋಡಿದ ಟೂರಿಸ್ಟ್‌ಗೆ 'ಅಪರೂಪದ ಹಕ್ಕಿನೂ ಆರಾಮಾಗಿದೆ' ಅನ್ನಿಸೋದು ಸಹಜ. ನಗೆಮಲ್ಲ ಒಂದು ಹೆಜ್ಜೆ ಮುಂದೆ ಬಂದಿದೆ ಅಂತ ಶೋಲಾಕಿಳಿ ಬರಲ್ಲ, ಪಿಪಿಟ್ ಅಂತೂ ಬರೋದೇ ಇಲ್ಲ. ಚಳಿಗಾಲಕ್ಕೆ ಕಾಶ್ಮೀರದಿಂದ ಇಷ್ಟು ದೂರ ಹಾರಿ ಬರೋ ಕಾಶ್ಮೀರಿ ನೊಣಹಿಡುಕಕ್ಕೂ ನೀಲಗಿರಿ ಬೇಕು, ಅದಕ್ಕೆ ಇಳಿದುಕೊಳ್ಳೋಕೆ ಶ್ರೀಲಂಕಾದ ಬೆಟ್ಟ ಬಿಟ್ರೆ ಹೆಚ್ಚು ಜಾಗ ಇಲ್ಲ.

ಹಾಗಾದ್ರೆ ವ್ಯಾಟಲ್ ಕಡಿದು ಹಾಕಿ, ಮುಗೀತಲ್ಲ ಅಂತೀರಾ. ಈಗ ನಡೀತಿರೋ ಚರ್ಚೆ ಇದೇ. ಮದ್ರಾಸ್ ಹೈಕೋರ್ಟ್ ಹೊರಗಿನ ಗಿಡಮರ ತೆಗೀರಿ ಅಂತ ಸರ್ಕಾರದ ಬೆನ್ನು ಬಿದ್ದಿದೆ, ತಮಿಳುನಾಡು 2022ರಲ್ಲಿ ಇದಕ್ಕೇ ಒಂದು ನೀತಿ ತಂದಿದೆ. ಕೋರ್ಟ್ ಎಚ್ಚರಿಸಿದ್ದು ಒಳ್ಳೇದೇ ಆಯ್ತು. ಆದ್ರೆ ಕಡಿಯೋದು ಒಂದು ಸೀಸನ್ ಕೆಲಸ, ಕಡಿದ ಮೇಲಿನದ್ದು ಹತ್ತಾರು ವರ್ಷದ ಕೆಲಸ. ವ್ಯಾಟಲ್ ಬೀಜದ ಸಿಪ್ಪೆ ಗಟ್ಟಿ, ಮಣ್ಣಲ್ಲಿ 50 ವರ್ಷದವರೆಗೂ ಸಾಯದೆ ಮಲಗಿರುತ್ತೆ, ಬಿಸಿಲು ಬಿತ್ತು ಅಂದ್ರೆ, ಬೆಂಕಿ ಬಿತ್ತು ಅಂದ್ರೆ ಎದ್ದೇಳುತ್ತೆ. ಮರ ಕಡಿದು ಎರಡು ಮಳೆ ಕಂಡ ಒಂದು ಇಳಿಜಾರಿನಲ್ಲಿ ನಾನು ಮಂಡಿಯೂರಿ ನೋಡಿದೀನಿ, ಕೊರಡಿನ ಸುತ್ತ ರಾಗಿ ಒಟ್ಲು ಹಾಕಿದ ಹಾಗೆ ವ್ಯಾಟಲ್ ಸಸಿ, ಒಂದು ಅಂಗೈ ಜಾಗದಲ್ಲಿ ಹನ್ನೊಂದು ಎಣಿಸಿದೆ, ನಡುವೆ ಹುಲ್ಲಿನ ಎಸಳು ಒಂದೇ ಒಂದು ಇತ್ತು. ಕಡಿಯೋಕೆ ಮುಂಚೆ ಅಲ್ಲಿ ನೂರು ಮರ ಇದ್ದಿದ್ರೆ ಈಗ ಸಾವಿರ ಸಸಿ. ಅದನ್ನ ಕೀಳೋಕೆ ಯಾರೂ ಟೆಂಡರ್ ಹಾಕಲ್ಲ, ಯಾಕಂದ್ರೆ ಸಸಿ ಮಾರಿದ್ರೆ ದುಡ್ಡು ಬರಲ್ಲ, ಮರ ಮಾರಿದ್ರೆ ಬರುತ್ತೆ.

ಇನ್ನೊಂದು ತೊಡಕೂ ಇದೆ. ಹಳೇ ವ್ಯಾಟಲ್ ತೋಪುಗಳ ಕೆಳಗೆ, ಪಕ್ಕದಲ್ಲಿ ಶೋಲಾ ಇದ್ರೆ, ಶೋಲಾ ಸಸಿಗಳು ಮೆಲ್ಲಗೆ ಏಳ್ತಾ ಇವೆ, ವ್ಯಾಟಲ್ ನೆರಳು ಹಿಮವನ್ನ ತಡೆಯೋದ್ರಿಂದ. ಕೆಲವು ಕಡೆ ಶೋಲಾ ಹಕ್ಕಿಗಳೂ ಆ ಪೊದೆಯೊಳಗೆ ಬಂದಿವೆ. ಅಂಥಾ ಕಡೆ ಒಂದೇ ಏಟಿಗೆ ನುಣ್ಣಗೆ ಬೋಳಿಸಿದ್ರೆ ಕೆಳಗಿದ್ದ ಸಸಿನೂ ಹೋಗುತ್ತೆ, ಮಳೆಗೆ ಇಳಿಜಾರಿನ ಮಣ್ಣೂ ಹೋಗುತ್ತೆ. ನನಗೆ ಅನ್ನಿಸೋದು, ಹಳೇ ದಟ್ಟ ತೋಪನ್ನ ಸದ್ಯಕ್ಕೆ ಅದರ ಪಾಡಿಗೆ ಬಿಟ್ಟು, ನಿಧಾನಕ್ಕೆ ತೆಳುಮಾಡಿ, ಇರೋ ದುಡ್ಡು, ಇರೋ ಆಳು ಎಲ್ಲಾ ಹುಲ್ಲಿನ ಅಂಚಿಗೆ ಹಾಕಬೇಕು. ಮುಕುರ್ತಿ ಕಡೆ ಇನ್ನೂ ಉಳಿದಿರೋ ಹುಲ್ಲಿಗೆ ಒಂದೊಂದಾಗಿ ನುಗ್ತಾ ಇರೋ ಎಳೇ ವ್ಯಾಟಲ್, ಹಳದಿ ಹೂವಿನ ಸ್ಕಾಚ್ ಬ್ರೂಮ್, ಪೈನ್, ಇವು ಮೊಳಕಾಲೆತ್ತರ ಇರುವಾಗ್ಲೇ ಕೈಯಲ್ಲಿ ಕಿತ್ರೆ ಬರುತ್ತೆ. ಹತ್ತು ವರ್ಷ ಬಿಟ್ರೆ ಗರಗಸ ಬೇಕು. ಮುಕುರ್ತಿ ನ್ಯಾಷನಲ್ ಪಾರ್ಕ್ 78 ಚದರ ಕಿಲೋಮೀಟರ್ ಚಿಲ್ಲರೆ, ಅಷ್ಟರಲ್ಲಿ ಪಿಪಿಟ್, ನೀಲಗಿರಿ ತಾರ್ ಅನ್ನೋ ಕಾಡುಮೇಕೆ ಎರಡೂ ಬದುಕಬೇಕು. ಪೂರ್ತಿ ಹೋದ ಹುಲ್ಲನ್ನ ಮತ್ತೆ ಬರಿಸೋದು ಬಹಳ ಕಷ್ಟ, ಸ್ಥಳೀಯ ಹುಲ್ಲಿನ ಬುಡ ತಂದು ಒಂದೊಂದಾಗಿ ನಾಟಿ ಮಾಡಬೇಕು, ಭತ್ತದ ನಾಟಿಗಿಂತ ತಾಳ್ಮೆ ಬೇಡೋ ಕೆಲಸ. ಇರೋದನ್ನ ಉಳಿಸ್ಕೊಳ್ಳೋದು ಅದಕ್ಕಿಂತ ಎಷ್ಟೋ ಸಲೀಸು.

ಬಿಸಿ ಏರ್ತಾ ಇರೋದು ಇದಕ್ಕೆ ಇನ್ನಷ್ಟು ಅವಸರ ತಂದಿದೆ. ಬಯಲಿನ ಹಕ್ಕಿ ಸೆಖೆಯಾದ್ರೆ ಬೆಟ್ಟ ಹತ್ತಬಹುದು, ಬೆಟ್ಟದ ತುದಿಯಲ್ಲಿ ಇರೋ ಹಕ್ಕಿ ಎಲ್ಲಿಗೆ ಹತ್ತಬೇಕು? ದೊಡ್ಡಬೆಟ್ಟದ ಮೇಲೆ ವ್ಯೂ ಪಾಯಿಂಟ್ ಇದೆ, ಅದರ ಮೇಲೆ ಆಕಾಶ. ಹಿಮ ಬೀಳೋ ರಾತ್ರಿಗಳು ಕಮ್ಮಿಯಾದಷ್ಟೂ ಹುಲ್ಲಿಗಿದ್ದ ಕಾವಲು ಸಡಿಲವಾಗುತ್ತೆ, ಮರಪೊದೆ ಮೇಲಕ್ಕೆ ಬರುತ್ತೆ.

ಕೆಳಗೆ ಮೋಯಾರ್ ಕಡೆ ಸಮಸ್ಯೆನೇ ಬೇರೆ, ಆದ್ರೆ ಅದೂ ಇದೇ ಜಿಲ್ಲೆ, ನಮಗೆ ತೀರಾ ಹತ್ತಿರದ್ದು. ಸೀಗೂರು ಬಯಲಿನಲ್ಲಿ, ಹೊಳೆ ದಂಡೆಯ ಮತ್ತಿ ಮರಗಳ ತುದಿಯಲ್ಲಿ ಬಿಳಿಬೆನ್ನಿನ ರಣಹದ್ದು ಗೂಡು ಕಟ್ಟುತ್ತೆ, ದಕ್ಷಿಣ ಭಾರತದಲ್ಲಿ ಉಳಿದಿರೋ ಅವುಗಳ ದೊಡ್ಡ ನೆಲೆ ಇದೇ. ವರ್ಷಕ್ಕೆ ಒಂದೇ ಮೊಟ್ಟೆ. ದನಕ್ಕೆ ನೋವಿಗೆ ಕೊಡ್ತಿದ್ದ ಡೈಕ್ಲೋಫೆನಾಕ್ ಇಂಜೆಕ್ಷನ್, ಆ ದನ ಸತ್ತು ಅದನ್ನ ತಿಂದ ಹದ್ದಿನ ಕಿಡ್ನಿ ನಿಲ್ಲಿಸ್ತು, 1990ರಿಂದ ಈಚೆಗೆ ದೇಶದ ಬಿಳಿಬೆನ್ನಿನ ರಣಹದ್ದಿನಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಹೋದ್ವು. 2006ರಲ್ಲಿ ದನಕ್ಕೆ ಅದನ್ನ ಬ್ಯಾನ್ ಮಾಡಿದ್ರು, ಮನುಷ್ಯರಿಗೆ ಅಂತ ಬರ್ತಿದ್ದ ದೊಡ್ಡ ಬಾಟ್ಲು ದನಕ್ಕೆ ಹೋಗ್ತಿತ್ತು ಅಂತ 2015ರಲ್ಲಿ ಅದನ್ನೂ ನಿಲ್ಲಿಸಿದ್ರು, 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್, 2024ರ ಕೊನೆಗೆ ನಿಮೆಸುಲೈಡ್. ಮೆಲಾಕ್ಸಿಕಾಮ್ ಕೊಟ್ರೆ ದನಕ್ಕೂ ನೋವು ಹೋಗುತ್ತೆ, ಹದ್ದಿಗೂ ಏನಾಗಲ್ಲ.

ತಮಿಳುನಾಡು, ಕರ್ನಾಟಕ, ಕೇರಳ ಮೂರೂ ಸೇರಿ ಒಂದೇ ಸಲ ಎಣಿಸಿದಾಗ 2023ರ ಶುರುವಿನಲ್ಲಿ 246, ಅದೇ ವರ್ಷದ ಕೊನೆಗೆ 320 ರಣಹದ್ದು ಕಂಡಿದ್ವು. ಮೋಯಾರ್ ಹೊಳೆ ಬಂಡೀಪುರಕ್ಕೂ ಮುದುಮಲೆಗೂ ಗಡಿ, ಹದ್ದಿಗೆ ಗಡಿ ಇಲ್ಲ. ಸೀಗೂರಿನ ಗೂಡಿಂದ ಎದ್ದ ಹದ್ದು ಮಧ್ಯಾಹ್ನ ನಮ್ಮ ತಾಲ್ಲೂಕಿನ ಮೇಲೆ ಇರುತ್ತೆ, ಅದು ತಿನ್ನೋ ದನ ನಮ್ಮ ಊರಿನ ಹಟ್ಟಿಯದ್ದೂ ಆಗಿರಬಹುದು. ಹಾಗಾಗಿ ಗುಂಡ್ಲುಪೇಟೆ ಮೆಡಿಕಲ್ ಸ್ಟೋರಿನಲ್ಲಿ ದನದ ನೋವಿಗೆ ಯಾವ ಔಷಧಿ ಕೊಡ್ತಾರೆ ಅನ್ನೋದೂ ನೀಲಗಿರಿ ಹಕ್ಕಿಗಳ ವಿಷಯವೇ. ಇಲ್ಲಿ ನೆಲೆ ಅಂದ್ರೆ ಮರ ಅಷ್ಟೇ ಅಲ್ಲ, ವಿಷ ಇಲ್ಲದ ಹೆಣ ಕೂಡ.

ಟೂರಿಸಂ ಬಗ್ಗೆ ಜಾಸ್ತಿ ಹೇಳಲ್ಲ. 2024ರ ಮೇ 7ರಿಂದ ಹೈಕೋರ್ಟ್ ಆದೇಶದ ಮೇಲೆ ಊಟಿಗೆ ಇ-ಪಾಸ್ ಬಂದಿದೆ, ಗಾಡಿ ಎಣಿಕೆ ಆಗ್ತಾ ಇದೆ, ಒಳ್ಳೇದು. ಫೋಟೋಗ್ರಾಫರ್‌ಗಳಿಗೆ ಒಂದೇ ಮಾತು, ಶೋಲಾಕಿಳಿ ಹೊರಗೆ ಬರಲಿ ಅಂತ ಮೊಬೈಲಲ್ಲಿ ಅದರ ಕೂಗು ಮತ್ತೆ ಮತ್ತೆ ಹಾಕಬೇಡಿ, ಬೇರೆ ಗಂಡು ಬಂತು ಅಂತ ಅದು ಮರಿಗೆ ಉಣಿಸೋದು ಬಿಟ್ಟು ಜಗಳಕ್ಕೆ ಬರುತ್ತೆ. ಇನ್ನು ಜೂನ್ ಬಂದ್ರೆ ಬೆಂಗಳೂರು, ಮೈಸೂರಿಂದ ಸಸಿ ತಗೊಂಡು ಬೆಟ್ಟಕ್ಕೆ ಹೋಗಿ ನೆಡೋ ಗುಂಪುಗಳಿವೆ, ಮನಸ್ಸು ಒಳ್ಳೇದೇ, ಆದ್ರೆ ಹುಲ್ಲಿನ ದಿಣ್ಣೆ ಮೇಲೆ ದಯವಿಟ್ಟು ಬೇಡ. ನೀಲಗಿರಿಗೆ ಅಷ್ಟೇ ಅಲ್ಲ, ಕುದುರೆಮುಖಕ್ಕೂ, ಬಾಬಾಬುಡನ್‌ಗಿರಿಗೂ, ಬ್ರಹ್ಮಗಿರಿಗೂ ಇದೇ ಮಾತು. ಕರ್ನಾಟಕ 2017ರಲ್ಲಿ ನೀಲಗಿರಿ ಮರ ನೆಡೋದನ್ನ ನಿಲ್ಲಿಸ್ತು, ಅದು ನೀರಿನ ಲೆಕ್ಕಕ್ಕೆ. ಹುಲ್ಲಿನ ಲೆಕ್ಕ ಇನ್ನೂ ಯಾರೂ ಹಾಕಿಲ್ಲ, ಕಂದಾಯದ ಕಾಗದದಲ್ಲಿ ಅದು ಇವತ್ತಿಗೂ ಬೀಳು, ಖರಾಬು ಅಂತ್ಲೇ ಇರುತ್ತೆ.

ಹೋದ ಫೆಬ್ರವರಿಯಲ್ಲಿ ಮುಕುರ್ತಿ ಕಡೆ ರಸ್ತೆ ಪಕ್ಕದ ಒಂದು ದಿಣ್ಣೆಯಲ್ಲಿ ಪಿಪಿಟ್ ಸಿಕ್ತು. ನನ್ನ ಬೂಟಿನಿಂದ ಎರಡು ಮಾರು ದೂರದಲ್ಲಿ ಎದ್ದು ಹಾರಿ ಕೂತಿದ್ದು ಒಂದು ಎಳೇ ವ್ಯಾಟಲ್ ಗಿಡದ ಮೇಲೆ, ನನ್ನ ಎದೆ ಎತ್ತರ ಇತ್ತು ಅದು. ಬಾಲ ಎರಡು ಸಲ ಅಲ್ಲಾಡಿಸ್ತು. ಸುತ್ತ ಎಣಿಸಿದೆ, ಆ ದಿಣ್ಣೆ ಮೇಲೆ ಅಂಥವು ಹದಿನೇಳು ಗಿಡ ಇದ್ವು, ದಿಣ್ಣೆಯ ಆ ಕಡೆಯಿಂದ ಆಗ್ಲೇ ತೋಪು ಶುರುವಾಗಿತ್ತು. ನಾನು ಹಿಂದೆ ಸರಿದ ಮೇಲೆ ಹಕ್ಕಿ ಮತ್ತೆ ಹುಲ್ಲಿಗಿಳೀತು.